ತಲೆಯ ಮೇಲಿನ ಕಡಲು

ಏಳನೇ ಮಹಡಿಯಲ್ಲಿ ನಾನು. ಎಂಟರಲ್ಲಿ ದ್ರಾಹೊಮೀರಾ,
ಇಪ್ಪತ್ತಾರು ವರ್ಷ ಟ್ರಾಮ್ ಓಡಿಸಿದವಳು.
ನಮ್ಮ ಬ್ರ್ನೋ ಶಹರದಿಂದ ಯಾವ ದಿಕ್ಕಿಗೆ ಹೊರಟರೂ
ಕಡಲು ಮುಟ್ಟುವಷ್ಟರಲ್ಲಿ ಒಂದು ಹಗಲು ಹೋಗುತ್ತದೆ.
ಇವಳು ಮನೆಗೇ ತರಿಸಿದಳು.

ಮೊದಲು ಬಂದದ್ದು ಗಾಜು. ಹೊತ್ತ ನಾಲ್ವರು
ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಹಾಕಿಕೊಂಡು
ಒಬ್ಬರನ್ನೊಬ್ಬರು ಬೈದದ್ದು ಬಾಗಿಲ ಹಿಂದೆ ಕೇಳಿತು.
ಆಮೇಲೆ ಉಪ್ಪು, ಇಪ್ಪತ್ತು ಕಿಲೋದ ಬಕೆಟ್ಟು.
ಆಮೇಲೆ ಮರಳು. ಆಮೇಲೆ ಮೂರು ರಾತ್ರಿ
ನಲ್ಲಿಯ ನೀರು ಸೋಸಿ ಸೋಸಿ ತೊಟ್ಟಿಕ್ಕುವ ಸದ್ದು.

ನಾನು ಲೆಕ್ಕ ಹಾಕಿದೆ. ಮುನ್ನೂರು ಲೀಟರು ನೀರು,
ನಲವತ್ತು ಕಿಲೋ ಕಲ್ಲು, ಗಾಜು, ಕಬ್ಬಿಣದ ಸ್ಟ್ಯಾಂಡು:
ಸರಿಯಾಗಿ ನನ್ನ ಮಂಚದ ನೆತ್ತಿಗೆ ಅರ್ಧ ಟನ್ನು.
ಲೆಕ್ಕದ ಕಾಗದ ಹಿಡಿದು ಮೇಲೆ ಹೋದೆ.

"ಬನ್ನಿ ಶಿಮೂನೆಕ್, ಚಪ್ಪಲಿ ಅಲ್ಲೇ ಬಿಡಿ."
ತೊಟ್ಟಿಯಲ್ಲಿ ಒಂದು ಮೀನೂ ಇಲ್ಲ.
ಕಲ್ಲು, ನೀರು, ನೀಲಿ ದೀಪ. ಎದುರಿಗೊಂದು ಕುರ್ಚಿ.
"ಏನು ನೋಡುತ್ತೀರಿ ಇದರಲ್ಲಿ?"
"ಕಾಯುತ್ತಿದ್ದೇನೆ. ಕಣ್ಣಿಗೆ ಕಾಣದವು ಮೊದಲು ಬಿಡಾರ ಹೂಡಬೇಕು.
ಅಮೋನಿಯಾ ತಿನ್ನುವವು ಒಂದು ಜಾತಿ,
ಅವು ಬಿಟ್ಟದ್ದನ್ನು ತಿನ್ನುವವು ಇನ್ನೊಂದು.
ಆರು ವಾರ. ಅವಸರ ಮಾಡಿದವರು ಹೆಣ ಎತ್ತುತ್ತಾರೆ."
ಟ್ರಾಮಿನವಳ ಮಾತು. ಸಿಗ್ನಲ್ ಬೀಳುವ ತನಕ
ಬ್ರೇಕಿನ ಮೇಲೆ ಕೈ.
ಕಾಗದ ನನ್ನ ಕಿಸೆಯಲ್ಲೇ ಉಳಿಯಿತು.

ನಾಲ್ಕನೇ ವಾರ ಮರಳೆಲ್ಲ ಕಂದು, ಕಾಫಿ ಚೆಲ್ಲಿದ ಹಾಗೆ.
ನನಗೆ ಒಳಗೊಳಗೇ ಖುಷಿ. ಅವಳಿಗೂ ಖುಷಿ:
"ಇದು ಬಂತೆಂದರೆ ದಾರಿ ಸರಿಯಿದೆ."
ಹದಿನೆಂಟು ಬಸವನಹುಳು ಗಾಜು ಒರೆಸುವ ಕೆಲಸಕ್ಕೆ ಸೇರಿದವು.
ದಿನಕ್ಕೆ ಮೂರು ಲೀಟರು ಆವಿಯಾಗುತ್ತದೆ,
ಮತ್ತೆ ತುಂಬುವಾಗ ಸಿಹಿನೀರನ್ನೇ ತುಂಬಬೇಕಂತೆ.
ನೀರು ಎದ್ದು ಹೋಗುತ್ತದೆ, ಉಪ್ಪು ಎಲ್ಲಿಗೂ ಹೋಗುವುದಿಲ್ಲ.
ಇದನ್ನು ಹೇಳುವಾಗ ಗೋಡೆಯ ಮೇಲಿನ ಗಂಡನ ಫೋಟೋವನ್ನು
ಅವಳು ನೋಡಲಿಲ್ಲ. ನಾನು ನೋಡಿದೆ.

ಒಂದು ಸಂಜೆ ಅಡುಗೆಮನೆಯಲ್ಲಿ ಬಿಳಿ ಪುಡಿ ಕಲಸುತ್ತಿದ್ದಳು.
ಮೂಗಿಗೆ ತಾಗಿದ್ದೇ ಗೊತ್ತಾಯಿತು. ಸುಣ್ಣ.
ಮೂವತ್ತೊಂದು ವರ್ಷ ಮೊಕ್ರಾದ ಗಣಿಯಲ್ಲಿ
ಗುಡ್ಡಕ್ಕೆ ಮದ್ದು ತುಂಬಿ ಸಿಡಿಸಿದವನು ನಾನು.
ಸಿಡಿದದ್ದು ಸುಟ್ಟು ಸಿಮೆಂಟಾಗಿ, ಇಂಥ ಕಟ್ಟಡಗಳಾಗಿ,
ಯಾರದೋ ನೆಲವಾಗಿ, ಯಾರದೋ ಸೂರಾಗಿ ನಿಂತಿದೆ.
"ಅಲುಗಿಸಬೇಡಿ, ತಳ ಕೂರಲಿ" ಎಂದೆ.
"ಮೇಲಿನ ತಿಳಿ ಮಾತ್ರ ಬಿಡಿ. ಹನಿ ಹನಿಯಾಗಿ."
"ಹವಳಕ್ಕೆ ಎಲುಬು ಕೂಡುವುದು ಅದರಿಂದಲೇ" ಎಂದಳು,
ನನಗೆ ಗೊತ್ತಿಲ್ಲದವನಂತೆ.
ಗಣಿಯ ಕಲ್ಲಲ್ಲಿ ಎಷ್ಟು ಸಲ ಕಂಡಿಲ್ಲ,
ಜೇನುಗೂಡಿನಂಥ ಒತ್ತೊತ್ತು ಕಣ್ಣು.
ಈ ಗುಡ್ಡವೆಲ್ಲ ಒಂದು ಕಾಲಕ್ಕೆ ಬೆಚ್ಚನೆ ಕಡಲ ತಳವೆಂದು
ಎಂಜಿನಿಯರು ಹೇಳಿದ್ದ, ಊಟದ ಬಿಡುವಿನಲ್ಲಿ.
ಸೈರನ್ ಕೂಗಿತು. ಕೈ ತೊಳೆದುಕೊಂಡು ಹೋಗಿ ಮತ್ತೆ ಸಿಡಿಸಿದೆವು.

ಮಾರನೆಯ ದಿನ ನನ್ನ ಕಿಟಕಿ ಕಟ್ಟೆಯ ತುಂಡೊಂದನ್ನು ಒಯ್ದೆ.
ವಿನಿಗರ್ ಹನಿಸಿದಳು, ನೊರೆ ಬಂತು.
ಉಜ್ಜಿದಳು, ಎರಡು ವಾರ ನೆನೆಹಾಕಿದಳು,
ಕೊನೆಗೆ ಹಿಂದಿನ ಮೂಲೆಯಲ್ಲಿ ಜಾಗ ಕೊಟ್ಟಳು.
ಅದರ ಮೇಲೀಗ ನೇರಳೆ ಹಕ್ಕಳೆ ಕಟ್ಟಿದೆ.
ಹೆಬ್ಬೆರಳ ಗಾತ್ರದ ಮೆದು ಹವಳವೊಂದು ಅಲ್ಲಿ ಕೂತು
ದೀಪ ಹತ್ತಿದಾಗ ಬೆರಳು ಬಿಚ್ಚುತ್ತದೆ.

ಮೊನ್ನೆ, ಜನವರಿಯ ಚಳಿಯಲ್ಲಿ,
ನನ್ನ ಸೂರಿನಿಂದ ದಿಂಬಿನ ಮೇಲೆ ಹನಿ ಬಿತ್ತು.
ಏಣಿ ಹಾಕಿ ಹತ್ತಿದೆ. ಒದ್ದೆ ಸವರಿ ನಾಲಗೆಗೆ ಇಟ್ಟೆ.
ಸಪ್ಪೆ. ಬಿಸಿನೀರಿನ ಪೈಪಿನದು.
ಪ್ಲಂಬರನಿಗೆ ಫೋನು ಮಾಡಬೇಕಿತ್ತು.
ಏಣಿಯ ಮೇಲೆಯೇ ನಿಂತು
ಇನ್ನೊಂದು ಸಲ ನೆಕ್ಕಿ ನೋಡಿದೆ.