ಕೈಗುಣ

ಟೊಲೀಡೊ. ಫೆಬ್ರವರಿ. ಮೌಮೀ ನದಿಯ ಮೇಲೆ
ಬೂದಿ ಬಣ್ಣದ ಮಂಜುಗಡ್ಡೆ.
ಆ್ಯಂಪನ್ನು ಮಕ್ಕಳ ತಳ್ಳುಗಾಡಿಯಲ್ಲಿ ಕೂರಿಸಿ, ಕಂಬಳಿ ಹೊದಿಸಿ
ಎಂಟು ಬೀದಿ ತಳ್ಳಿಕೊಂಡು ಬಂದಳು ಶೆರೆಲ್,
ಗಾಜಿನ ಕಾರ್ಖಾನೆಯ ರಾತ್ರಿಪಾಳಿ ಮುಗಿಸಿದ ಕಣ್ಣಲ್ಲಿ.

‘ಸತ್ತಿಲ್ಲ,’ ಅಂದಳು, ‘ದನಿ ಬಿದ್ದುಹೋಗಿದೆ.
ಸೋದರಮಾವನ ಕೈಯಲ್ಲಿ ಚರ್ಚಿನ ಕಿಟಕಿ ನಡುಗಿಸುತ್ತಿತ್ತಂತೆ.
ಬೆರಳು ಸೋತವು ಅಂತ ಅವನು ನುಡಿಸುವುದನ್ನೇ ಬಿಟ್ಟ.
ನಾನು ಹತ್ತರ ತನಕ ತಿರುಗಿಸಿದರೂ
ಪಕ್ಕದ ಮನೆಯ ರೇಡಿಯೊ.
ನನ್ನ ಕೈಗುಣವೇ ಇರಬೇಕು.’

ಕೈಗುಣ ಅಳೆಯಲು ಮೀಟರಿಲ್ಲ ಮಗೂ,
ಉಳಿದದ್ದಕ್ಕೆಲ್ಲ ಇದೆ,
ಅಂದೆ. ರಸೀದಿ ಬರೆಯುತ್ತಿದ್ದೆ, ಅರ್ಧ ಕಿವಿಯಲ್ಲಿ ಕೇಳಿದೆ.

ಹಿಂದಿನ ಹಲಗೆ ಬಿಚ್ಚಿದರೆ ಮೊದಲು ಬರುವುದು ವಾಸನೆ:
ಕಾದ ಧೂಳು, ಮೇಣ, ಯಾವುದೋ ಭಾನುವಾರದ ಅತ್ತರು.
ಬುಡಾಪೆಸ್ಟಿನಿಂದ ಬರಿಗೈಲಿ ಬಂದ ಅಪ್ಪ
ನನಗೆ ಕಲಿಸಿದ್ದು ಎರಡೇ ಮಾತು.
ಪ್ಲಗ್ ಕಿತ್ತ ಮೇಲೂ ಕೆಪಾಸಿಟರನ್ನು ನಂಬಬೇಡ,
ನಾನೂರು ವೋಲ್ಟು ಹೊಟ್ಟೆಯಲ್ಲಿಟ್ಟುಕೊಂಡು ಸುಮ್ಮನೆ ಕೂತಿರುತ್ತದೆ
ನಮ್ಮ ಪಿರೋಶ್ಕಾ ಅತ್ತೆಯ ಹಾಗೆ.
ಮತ್ತೆ, ಒಂದು ಕೈ ಯಾವಾಗಲೂ ಜೇಬಿನಲ್ಲಿರಲಿ,
ಕರೆಂಟು ಎದೆಯ ಮೂಲಕ ಹಾದಿ ಹುಡುಕದ ಹಾಗೆ.
ನಲವತ್ತು ವರ್ಷವಾಯಿತು. ಏಪ್ರನ್ನಿನ ಎಡಜೇಬು ಐದು ಸಲ ಹೊಲಿದಿದ್ದೇನೆ.

ಸಣ್ಣ ವಾಲ್ವು ಬದಲಿಸಿದೆ. ಅದೇ ದನಿ.
ದೊಡ್ಡ ಜೋಡಿ ಬದಲಿಸಿದೆ, ಬೂದಿ ಊದಿದ ಕೆಂಡದಂತೆ ಹೊಳೆದವು,
ಅದೇ ದನಿ.
ಬೇರೆ ಸ್ಪೀಕರು. ಅದೇ.
ಸಾಕೆಟ್ಟಿನ ಹಲ್ಲು ತಿಕ್ಕಿದೆ, ಜ್ಯಾಕಿನ ಕಿಲುಬು ಒರೆಸಿದೆ,
ಚೈನೀ ಹೋಟೆಲಿನ ಊಟದ ಕಡ್ಡಿಯಲ್ಲಿ
ಒಂದೊಂದೇ ಬೆಸುಗೆಯ ಬೆನ್ನು ತಟ್ಟಿದೆ. ಕೆಮ್ಮಲಿಲ್ಲ.
ವೋಲ್ಟುಗಳು ನಕ್ಷೆಯಲ್ಲಿ ಬರೆದಷ್ಟೇ.
ಕಾಯಿಲೆಯಿಲ್ಲದ ರೋಗಿಯಷ್ಟು ಕಷ್ಟ ಯಾರೂ ಕೊಡುವುದಿಲ್ಲ.

ಕೊನೆಗೆ ಒಂದು ತುದಿಯಿಂದ ಸಣ್ಣ ಸಿಳ್ಳೆ ಒಳಗೆ ಬಿಟ್ಟು
ಅದರ ಹಿಂದೆಯೇ ನಡೆದೆ.
ಮೊದಲ ವಾಲ್ವು ದಾಟಿತು, ಮೈ ತುಂಬಿಕೊಂಡಿತು,
ಎರಡನೆಯದರ ಹೊಸ್ತಿಲಲ್ಲಿ
ಮುಕ್ಕಾಲು ಪಾಲು ನೆಲಕ್ಕಿಳಿದು ಹೋಯಿತು,
ಯಾರೋ ಕಾಲುವೆಯ ಮಗ್ಗುಲಿಗೆ ತೂತು ಕೊರೆದಂತೆ.

ಬೋರ್ಡಿನಡಿ, ಬಟ್ಟೆ ಸುತ್ತಿದ ತಂತಿಗಳ ಮರೆಯಲ್ಲಿ
ನಕ್ಷೆಯಲ್ಲಿಲ್ಲದ ಒಂದು ರೆಸಿಸ್ಟರು.
ಕಂದು, ಕಪ್ಪು, ಕಿತ್ತಳೆ. ಅಕ್ಕಿಕಾಳಿಗಿಂತ ತುಸು ದಪ್ಪ.
ಬೆಸುಗೆಯ ತುದಿ ಎಡಕ್ಕೆ ಸೊಟ್ಟ, ಬಾತುಕೋಳಿಯ ಬಾಲದ ಹಾಗೆ.
ಈ ಊರಿನಲ್ಲಿ ಹಾಗೆ ತಿರುಚುತ್ತಿದ್ದವರು ಇಬ್ಬರು.
ಒಬ್ಬರು, ನಮ್ಮಪ್ಪ, ತೊಂಬತ್ತೊಂದರಲ್ಲೇ ಮಣ್ಣಾದರು.

ಹನ್ನೊಂದು ವರ್ಷದ ಹಿಂದೆ, ನೀಲಿ ಟೋಪಿ.
ಪಾಸ್ಟರನ ಹೆಂಡತಿ.
ಮೂವತ್ತು ಡಾಲರು, ಎಣಿಸಿ, ಮಡಿಸಿ, ಅಂಗೈಗಿಟ್ಟು:
‘ನಮ್ಮವರ ಮಾತು ಇದರ ಸದ್ದಿನಡಿ ಸಾಯುತ್ತಿದೆ.
ಒಂಚೂರು ಅಷ್ಟೇ. ಆರ್ಥೆಲ್‌ಗೆ ತಿಳಿಯಬಾರದು.’
ಆ ತಿಂಗಳ ಗ್ಯಾಸಿನ ಬಿಲ್ಲು ನನ್ನ ಮೇಜಿನ ಮೇಲೇ ಇತ್ತು.

ಬೆರಳು ಸೋತವು ಅಂದನಂತೆ.

ಕತ್ತರಿಸಿದೆ. ಟಿಕ್.
ಇಷ್ಟು ಸಣ್ಣ ಸದ್ದು.

ಶುಕ್ರವಾರ ಶೆರೆಲ್ ಗಿಟಾರನ್ನು ತೊಡೆಯ ಮೇಲೆ ಮಲಗಿಸಿ
ಉಕ್ಕಿನ ತುಂಡನ್ನು ತಂತಿಗೆ ತಾಗಿಸಿ
ಒಂದು ಸ್ವರ ಎಳೆದಳು, ಒಂದೇ.
ಕಪಾಟಿನ ಸ್ಕ್ರೂ ಡಬ್ಬಿಗಳೆಲ್ಲ ಎದ್ದು ಮಾತಾಡಿದವು.
ಅವಳು ನುಡಿಸುವುದು ನಿಲ್ಲಿಸಿ
ತನ್ನ ಕೈಯನ್ನು ತಿರುಗಿಸಿ ತಿರುಗಿಸಿ ನೋಡಿಕೊಂಡಳು.
‘ಏನಾಗಿತ್ತು?’

ರಸೀದಿಯಲ್ಲಿ ‘ದೋಷ’ ಎಂದಿರುವ ಗೆರೆ ಖಾಲಿಯಿತ್ತು.
ಮಾವ ಇದ್ದಾನಾ, ಕೇಳಿದೆ.
‘ಇದ್ದಾನೆ, ನಾಲ್ಕು ಬೀದಿ ಆಚೆ. ದಿನವಿಡೀ ಟೀವಿ,
ಅದೂ ದನಿ ತೆಗೆದು.’

ಆ ಅಕ್ಕಿಕಾಳನ್ನು ರಸೀದಿಯಲ್ಲಿ ಸುತ್ತಿಕೊಂಡೆ.
ಅಂಗಡಿಯ ಬಾಗಿಲೆಳೆದೆ.
ಹೊರಗೆ ಮೊಣಕಾಲುದ್ದ ಹಿಮ.
ಆ ತಳ್ಳುಗಾಡಿಗೆ ಎರಡು ಕೈ ಬೇಕಾಯಿತು.