ಲಾಯದ ಹೊತ್ತು

ಮಂಗಳವಾರ ಸಂಜೆ ಏಳೂವರೆಗೆ
ಲೆಮ್‌ಸ್ಟರಿನ ಡ್ರಿಲ್ ಹಾಲಿಗೆ
ಒಬ್ಬೊಬ್ಬರೇ ಬರುತ್ತೇವೆ, ರಾವುತರು:
ಹಾಲಿನ ಟ್ಯಾಂಕರ್ ಓಡಿಸುವ ಗಿಟಿನ್ಸ್,
ಭೂಗೋಳದ ಮೇಷ್ಟ್ರು,
ಹಲ್ಲಿನ ಡಾಕ್ಟರ ದಾದಿ ಎನಿಡ್ ಪ್ರಾಸರ್, ಅವಳೇ ಸಾರ್ಜೆಂಟ್,
ಅಂಚೆಚೀಲ ಈಗಷ್ಟೇ ಇಳಿಸಿದ ನಾನು.
ಕುದುರೆ ಕಂಡರೆ ಕಾಲುನೋವು ಅನ್ನುತ್ತಾರೆ,
ನನಗೆ ಕುದುರೆಯೇ ಇಲ್ಲದೆ.

‘ಲಾಯಕ್ಕೆ!’ ಎಂದು ಕೂಗುತ್ತಾಳೆ ಎನಿಡ್.
ಲಾಯದಲ್ಲಿರುವುದು ನಾಲ್ಕು ಗಾಡಿ.
ಟೈರು ತಟ್ಟುತ್ತೇವೆ, ಎಣ್ಣೆ ನೋಡುತ್ತೇವೆ,
ಮೂತಿ ಒರೆಸುತ್ತೇವೆ.
ಕೊನೆಯ ಕುದುರೆ ಹೋಗಿ ಎಂಬತ್ತು ವರ್ಷ,
ಪದ ಮಾತ್ರ ಹೋಗದೆ
ಅಲ್ಲೇ ನಿಂತಿದೆ, ಹುಲ್ಲು ಕೇಳುತ್ತ.

ನಿಮ್ಮ ಕೆಲಸವೇನಪ್ಪಾ ಅಂತ ಮಗಳು ಕೇಳಿದ್ದಳು.
ಖಾಯಂ ದಂಡಿನಲ್ಲಿ ಒಬ್ಬ ಜ್ವರ ಬಿದ್ದರೆ,
ಒಬ್ಬ ಇಲ್ಲವಾದರೆ,
ಅವನ ಸೀಟಿನಲ್ಲಿ ಹೋಗಿ ಕೂರುವುದು, ಅಂದೆ.
‘ಹಾಗಾದರೆ ಸ್ಟೆಪ್ನಿ’ ಅಂದಳು.

ಹೋದ ವರ್ಷ ಎನಿಡ್ ಹೋಗಿದ್ದಳು,
ಒಂಬತ್ತು ತಿಂಗಳು, ಯಾರದೋ ಸೀಟಿಗೆ.
ಸೋಮವಾರ ಬಂದಳು,
ಬುಧವಾರ ಯಾರದೋ ದವಡೆಯೊಳಗೆ ಅವಳ ಕೈ.
ಬಾಯಿ ತೆರೆದವರು ಏನನ್ನೂ ಕೇಳಲಾರರು.

ಡಿಸೆಂಬರಿನ ಔತಣಕ್ಕೆ ಅಧಿಕಾರಿಗಳೇ ನಮಗೆ ಬಡಿಸಬೇಕು,
ಅದು ಪದ್ಧತಿ.
ಹಿಮ್ಮಡಿಗೆ ಮುಳ್ಳುಗಾಲಿ,
ಹೆಗಲಿಗೆ ಉಕ್ಕಿನ ಸರಪಳಿಯ ಹೆಣಿಗೆ:
ಹಿಂದೆ ಕತ್ತಿಯೇಟು ತಡೆಯುತ್ತಿತ್ತಂತೆ,
ಈಗ ಗ್ರೇವಿಯ ಹನಿ.

ಬೆಳ್ಳಿ ಉಜ್ಜುವ ಪಾಳಿ ಈ ಸಲ ನನ್ನದು.
ಗಾಜಿನ ಬೀರುವಿನಿಂದ ಇಳಿಸಿದೆ ಒಂದು ಗೊರಸು,
ನಿಜದ ಗೊರಸು, ಒಳಗೆ ಶಾಯಿಕುಡಿಕೆ,
ಬೆಳ್ಳಿ ಮುಚ್ಚಳದ ಮೇಲೆ ಹೆಸರು: ಡಾರ್ಕಸ್.
ಯಾವನೋ ರೈತನ ಹೆಣ್ಣುಕುದುರೆ.
ಆಗ ಕುದುರೆ ತಂದವನಿಗೇ ದಂಡಿನಲ್ಲಿ ಜಾಗ,
ಸೋಮವಾರ ನೇಗಿಲಿಗೆ, ಶನಿವಾರ ಕವಾಯತಿಗೆ,
ಒಂದೇ ಬೆನ್ನು.
ಹಡಗು ಹತ್ತಿ ಮರಳಿನ ನಾಡಿಗೆ ಹೋಗಿ
ಮೂರು ಕಾಲು ಅಲ್ಲೇ ಬಿಟ್ಟು
ಒಂದು ಊರಿಗೆ ಬಂತು.
ರೈತನ ಲೆಕ್ಕ ಬೀರುವಿನಲ್ಲಿಲ್ಲ.

ಲಾಳದ ಮೊಳೆಯ ತೂತಿನಲ್ಲಿ ಇನ್ನೂ ಏನೋ ಕಪ್ಪು.
ಬಟ್ಟೆಯ ತುದಿ ಹುರಿ ಮಾಡಿ ತೂರಿಸಿದೆ, ಬರಲಿಲ್ಲ.
ಹತ್ತು ಗಂಟೆ. ಗಿಟಿನ್ಸ್ ಹೋದ,
ಬೆಳಗಿನ ನಾಲ್ಕಕ್ಕೆ ಅವನ ಹಾಲು.

ಗೊರಸನ್ನು ಮರಳಿ ಇಡುವಾಗ
ಹಲಗೆಗೆ ತಾಗಿ
ಟಕ್ ಎಂದಿತು.
ದೀಪ ಆರಿಸಲು ಹೋಗುತ್ತಿದ್ದ ಎನಿಡ್
ತಿರುಗಿ ನಿಂತಳು.
ಉಳಿದ ಮೂರು ಸದ್ದಿಗಾಗಿ
ಇಬ್ಬರೂ ಸ್ವಲ್ಪ ಹೊತ್ತು ಕಾದೆವು.