ಎರಡು ಬೆರಳು ಜಾಗ

ನಮ್ಮದು ಖಾಲಿಯ ವ್ಯಾಪಾರ.
ಸೋಪು ಇಳಿಸಿಕೊಂಡ ಡಬ್ಬ, ಸಲೈನ್ ಬಾಟಲಿ ಹೊತ್ತು ಬಂದ ಡಬ್ಬ,
ಬಿಸ್ಕತ್ತಿನ ವಾಸನೆ ಇನ್ನೂ ಬಿಟ್ಟುಕೊಡದ ಡಬ್ಬ,
ದಾವಣಗೆರೆ ಮಂಡಿಪೇಟೆಯ ಹಿಂದಿನ ಸಂದಿಯಲ್ಲಿ
ಮಡಚಿ, ಸುತಳಿ ಬಿಗಿದು, ತಗಡಿನ ಸೂರಿಗೆ ತಾಗುವ ತನಕ.

ಕೆಲಸಕ್ಕೆ ಸೇರಿದ ದಿನ ಚಮನ್‌ಸಾಬರು
ನನ್ನ ಹೆಬ್ಬೆರಳನ್ನು ಒಂದರ ಮೂಲೆಗೆ ಒತ್ತಿಸಿದರು.
"ಮೂಲೆ ನೋಡವ್ವ ಮೊದ್ಲು. ಮೂಲೆ ಮೆತ್ತಗಾತು, ಡಬ್ಬ ಮುಗೀತು.
ಮುಖ ಏನ್ ನೋಡ್ತಿ, ಮುಖಕ್ಕೆ ಯಾರ್ ಬೇಕಾದ್ರೂ ಬಣ್ಣ ಹೊಡೀತಾರೆ."
ಆಮೇಲೆ ಪದರ ಎಣಿಸಲು ಕಲಿಸಿದರು, ಉಗುರಿನಿಂದ ಬಿಡಿಸಿ:
ಮೂರು ಪದರ ಬಟ್ಟೆಗೆ, ಐದು ಗಾಜಿಗೆ,
ಏಳು ಅಂದರೆ ಮೋಟಾರು, ಇಲ್ಲವೇ ಮಾತು ಕೇಳದ ಗಿರಾಕಿ.
ಸಾಮಾನಿನ ಸುತ್ತ ಎರಡು ಬೆರಳು ಜಾಗ.
ಬಿಗಿಯಾದರೆ ಪೆಟ್ಟು ನೇರ ಒಳಗೇ ಬೀಳುತ್ತದೆ,
ಸಡಿಲಾದರೆ ಅದು ತನಗೆ ತಾನೇ ಹೊಡೆದುಕೊಳ್ಳುತ್ತದೆ.
ಕಟ್ಟಿದ ಮೇಲೆ ಎತ್ತಿ ಅಲ್ಲಾಡಿಸು, ಕಿವಿ ಹಚ್ಚು.
ಸದ್ದು ಬಂದರೆ ಬಿಚ್ಚು. ನಾಚಿಕೆ ಬೇಡ, ಬಿಚ್ಚು.

ಎರಡು ವರ್ಷದಲ್ಲಿ ಏನೆಲ್ಲ ಅಳೆದಿಲ್ಲ ಈ ಬೆರಳು:
ದಂತವೈದ್ಯಕೀಯದ ಹುಡುಗ ತಂದ ಪ್ಲಾಸ್ಟರಿನ ದವಡೆ ಹದಿನಾಲ್ಕು,
ಒಂದೊಂದೂ ಒಂದೊಂದು ಥರ ಕಚ್ಚುವಂಥವು;
ಹಾರ್ಮೋನಿಯಂ, ಅದರ ಉಸಿರು ಒಳಗೇ ಹಿಡಿಸಿ;
ಬೀರುವಿನ ಕನ್ನಡಿ. ಅದು ಬದುಕಲಿಲ್ಲ,
ಅದರ ರಸೀದಿ ಇನ್ನೂ ಸಾಬರ ಗಲ್ಲಾಪೆಟ್ಟಿಗೆಯಲ್ಲಿದೆ.

ನಿಟ್ಟುವಳ್ಳಿಯ ಹಾಲಮ್ಮ ಬಂದದ್ದು ಒಂದು ಮಂಗಳವಾರ, ಊಟದ ಹೊತ್ತು.
ಸೆರಗಿನೊಳಗಿಂದ ತೆಗೆದಳು
ಒಂದು ಮುಚ್ಚಳ. ಪಿಂಗಾಣಿ, ಕಂದು ಅಂಚು, ಅಂಗೈಯಷ್ಟು.
"ಇದಕ್ಕೊಂದು ದೊಡ್ಡ ಡಬ್ಬ ಕೊಡ್ರಿ."
ಗೇಣುದ್ದದ್ದು ಸಾಕು, ಅಂದೆ.
ಅವಳು ಬೆರಳು ತೋರಿಸಿದ್ದು ಮಿಕ್ಸರಿನ ಡಬ್ಬಕ್ಕೆ.
ಜಾಡಿ ಎಲ್ಲಿ, ಕೇಳಿಬಿಟ್ಟೆ. ಕೇಳಬಾರದಿತ್ತು.

"ಗಂಗಾವತಿಯಾಗೈತಿ, ನನ್ ತಂಗಿ ಹತ್ರ.
ಅವ್ವ ಹೋದಾಗ ಪಾಲು ಮಾಡಿದ್ವಲ್ಲ, ಜಾಡಿ ಆಕಿಗೆ ಬಂತು.
ಇದು ನನ್ನ ಸೀರಿ ಗಂಟಿನಾಗ ಬಂತು.
ಬಂತು ಏನು, ನಾನೇ ಇಟ್ಕೊಂಡೆ.
ಹನ್ನೊಂದು ವರ್ಷ ಆಕಿ ಸ್ಟೀಲ್ ತಟ್ಟೆ ಮುಚ್ಚಿ ಉಪ್ಪಿನಕಾಯಿ ಹಾಕ್ಯಾಳ."

ಸ್ವಲ್ಪ ಹೊತ್ತು ಫ್ಯಾನು ಮಾತ್ರ ತಿರುಗಿತು.

"ಸಣ್ಣದ್ರಾಗ ಕಳಿಸಿದ್ರ ಬಿಚ್ಚದೇ ಮೂಲ್ಯಾಗ ಒಗೀತಾಳ.
ದೊಡ್ಡದಾದ್ರ, ಏನೈತಿ ಅಂತ ನೋಡೇ ನೋಡ್ತಾಳ."

ಕೊರಿಯರ್‌ನವರ ಲೆಕ್ಕ ಒಪ್ಪಿಸಿದೆ: ಉದ್ದ, ಅಗಲ, ಎತ್ತರ ಗುಣಿಸಿ
ಐದು ಸಾವಿರದಿಂದ ಭಾಗಿಸುತ್ತಾರಮ್ಮ, ಖಾಲಿ ಜಾಗಕ್ಕೂ ಬಾಡಿಗೆ.
"ಕೊಡ್ತೀನಿ," ಅಂದಳು, "ಇಷ್ಟು ವರ್ಷದ್ದು ಕೊಟ್ಟಿಲ್ಲೇನು."

ಚಮನ್‌ಸಾಬರು ತುತ್ತು ಬಿಟ್ಟು ಎದ್ದು ಬಂದರು. ಏನೂ ಕೇಳಲಿಲ್ಲ.
ಮುಚ್ಚಳವನ್ನು ಹಳೇ ಟವೆಲಿನಲ್ಲಿ ಸುತ್ತಿ
ಐದು ಪದರದ ಪುಟ್ಟದೊಂದರಲ್ಲಿ ಮಲಗಿಸಿದರು, ಎರಡು ಬೆರಳು ಬಿಟ್ಟು.
ಪುಟ್ಟದನ್ನು ಮಿಕ್ಸರಿನ ಡಬ್ಬದ ನಟ್ಟನಡುವೆ.
ಸುತ್ತ ತುಂಬಲು ಥರ್ಮೊಕೋಲು ಮುಗಿದಿತ್ತು.
ಹುಡುಗನನ್ನು ಮಂಡಕ್ಕಿ ಭಟ್ಟಿಗೆ ಓಡಿಸಿದರು:
"ಬಿಸೀದು ಬ್ಯಾಡ, ಬೆವರ್ತದ. ಆರಿದ್ದು ತಾ."
ಪ್ಲಾಸ್ಟಿಕ್ ಚೀಲಗಳಲ್ಲಿ ಕಟ್ಟಿ ಸಂದುಗೊಂದಿಗೆಲ್ಲ ತೂರಿಸಿದೆವು.
ಅಲ್ಲಾಡಿಸಿದೆ. ಕಿವಿ ಹಚ್ಚಿದೆ.
ಹಾಲಮ್ಮನೂ ಹಚ್ಚಿದಳು, ನನಗಿಂತ ಹೆಚ್ಚು ಹೊತ್ತು.

ಕೊರಿಯರ್ ಕಿಟಕಿಯ ಹುಡುಗಿ ಕೇಳಿದಳು: ಒಳಗೇನು?
ಹಾಲಮ್ಮ ನನ್ನ ಮುಖ ನೋಡಿದಳು. "ಮಂಡಕ್ಕಿ."
ಬೆಲೆ?
ಸುಮ್ಮನಾದಳು. ಹಿಂದೆ ಸಾಲು ಗೊಣಗಿತು.
"ನೂರು ಬರೀರಿ. ತಡೀರಿ. ಬ್ಯಾಡ, ಐವತ್ತು.
ಜಾಸ್ತಿ ಬರದ್ರ ಆಕಿ ಲೆಕ್ಕ ಇಟ್ಕೊತಾಳ."

ತಿರುಗಿ ಬರುವಷ್ಟರಲ್ಲಿ ಉಳಿದ ಮಂಡಕ್ಕಿಗೆ ಸಾಬರು
ಎಣ್ಣೆ, ಖಾರ, ಹೆಚ್ಚಿದ ಉಳ್ಳಾಗಡ್ಡಿ ಕಲಸಿ
ಪೇಪರಿನ ಮೇಲೆ ಹರವಿದ್ದರು.
ಮಡಚಿದ ಡಬ್ಬಗಳ ಮೇಲೆ ಕೂತು ಕರಕರ ಅಗಿದೆವು.
ಈ ಸದ್ದಿಗೆ ಮಾತ್ರ ಅವರು ಬಿಚ್ಚು ಅನ್ನಲಿಲ್ಲ.